ಕಾಯಕವೂ ಧನವಿಚಾರವೂ: ಪುತ್ತೂರು ಸೀಮೆಯ ಚರಿತ್ರೆಯಿಂದ ಒಂದು ಪಾಠ

ಕಾಯಕ ದಾಸೋಹಗಳ ಮಹಿಮೆಯನ್ನು ಶ್ರೀಮಠದ ಭಕ್ತವರ್ಗಕ್ಕೆ ನಾವು ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಕಾಯಕದಿಂದ ಬಂದ ದ್ರವ್ಯವನ್ನು ಕಾಪಾಡುವುದು ಹೇಗೆ, ಅದರ ಬೆನ್ನುಹತ್ತಿ ದೇಹವನ್ನೂ ಮನಶ್ಶಾಂತಿಯನ್ನೂ ಕಳೆದುಕೊಳ್ಳದಿರುವುದು ಹೇಗೆ ಎಂಬ ವಿಷಯವು ಅಷ್ಟಾಗಿ ವಿಚಾರಿಸಲ್ಪಡುವುದಿಲ್ಲ. ಧನಚಿಂತೆಯು ಪರಮಾರ್ಥಕ್ಕೆ ಹೊರತಾದುದೆಂದು ಕೆಲವರು ಭಾವಿಸುವುದೇ ಇದಕ್ಕೆ ಕಾರಣವು. ಆದರೆ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದರೆಂಬುದನ್ನು ಮರೆಯಲಾಗದು. ಪರರ ಧನಕ್ಕೆ ತಪ್ಪದೆ ಲೆಕ್ಕವನ್ನಿಡುವ ಕಾಯಕವೇ ಅವರದಾಗಿದ್ದಿತು.

ಈ ವಿಚಾರಕ್ಕೆ ದೂರದ ಉದಾಹರಣೆಗಳನ್ನು ಹುಡುಕಬೇಕಾಗಿಲ್ಲ. ಪುತ್ತೂರಿನಿಂದ ಸುಬ್ರಹ್ಮಣ್ಯದ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ನರಿಮೊಗರು ಎಂಬ ಗ್ರಾಮವುಂಟು. ಆ ಸೀಮೆಯು ಅಡಿಕೆ ತೋಟಗಳ ನಾಡು. ಅಡಿಕೆಯ ಸಸಿಯನ್ನು ನೆಟ್ಟವನು ಮೊದಲ ಫಲಕ್ಕಾಗಿ ಐದಾರು ವರ್ಷಗಳಾದರೂ ಕಾಯಬೇಕು. ಮಳೆಗಾಲದಲ್ಲಿ ಕೊಳೆರೋಗವು ಬಂದರೆ ಕೈಗೆ ಬಂದ ಕೊನೆಯೂ ಉದುರಿಹೋಗುವುದು. ಆದಕಾರಣ ಇಲ್ಲಿಯ ಕೃಷಿಕನು ದುಡಿಮೆಯನ್ನು ಮಾತ್ರವಲ್ಲದೆ ಕಾಯುವ ವಿದ್ಯೆಯನ್ನೂ ಕಲಿಯಬೇಕಾಗುವುದು. ಕೈಯಲ್ಲಿ ಉಳಿತಾಯವಿಲ್ಲದವನಿಗೆ ಆ ವಿದ್ಯೆಯು ಸಿದ್ಧಿಸುವುದಿಲ್ಲ.

ಪೂರ್ವದಲ್ಲಿ ಈ ತುಳುನಾಡು ಕೆಳದಿಯ ವೀರಶೈವ ಅರಸರ ಆಳ್ವಿಕೆಗೆ ಒಳಪಟ್ಟಿದ್ದಿತು. ಆ ವಂಶದ ಶಿವಪ್ಪನಾಯಕನು ಸುಮಾರು 1645ರಿಂದ 1660ರವರೆಗೆ ರಾಜ್ಯವಾಳಿದನು. ಆತನು ಪ್ರತಿ ಗ್ರಾಮದಲ್ಲಿ ಒಂದೊಂದು ಹೊಲವನ್ನು ಹನ್ನೆರಡು ವರ್ಷಗಳ ಕಾಲ ತನ್ನ ವೆಚ್ಚದಿಂದಲೇ ಸಾಗುಮಾಡಿಸಿ, ಬಿತ್ತಿದ ಬೀಜ, ತಗಲಿದ ಖರ್ಚು, ಬಂದ ಫಲ ಇವುಗಳ ಲೆಕ್ಕವನ್ನಿಡಿಸಿ, ಸರಾಸರಿಯನ್ನು ಕಂಡುಕೊಂಡು, ಮೂರರಲ್ಲೊಂದು ಭಾಗವನ್ನು ಅರಸಿನ ಪಾಲಾಗಿ ನಿಶ್ಚಯಿಸಿದನೆಂದು ಹೇಳುವರು. ಇದೇ ಪ್ರಸಿದ್ಧವಾದ 'ಶಿಸ್ತು'. ಒಂದು ವರ್ಷದ ಸುಭಿಕ್ಷವನ್ನು ನಂಬದೆ ಹನ್ನೆರಡು ವರ್ಷಗಳ ಏರಿಳಿತವನ್ನು ನೋಡಿ ನಿರ್ಣಯಿಸಬೇಕೆಂಬ ತತ್ತ್ವವು ಅರಸನಿಗೆ ಹೇಗೋ ಗೃಹಸ್ಥನಿಗೂ ಹಾಗೆಯೇ ಸಲ್ಲುವುದು.

ಲೆಕ್ಕವು ಪ್ರಜೆಯ ಸ್ಥಿತಿಗೆ ಒಗ್ಗದಿದ್ದರೆ ಏನಾಗುವುದೆಂಬುದಕ್ಕೂ ಇದೇ ಸೀಮೆಯು ಸಾಕ್ಷಿಯಾಗಿರುವುದು. ಅಮರ ಸುಳ್ಯ, ಪುತ್ತೂರು ಮಾಗಣೆಗಳು ಕೆಲವು ಕಾಲ ಕೊಡಗಿನ ಹಾಲೇರಿಯ ಲಿಂಗಾಯತ ಅರಸರ ಅಧೀನದಲ್ಲಿದ್ದುವು. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತನನ್ನಾಗಿ ಮಾಡಿ ಇವುಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಮೊದಲು ಧಾನ್ಯರೂಪವಾಗಿ ಸಲ್ಲುತ್ತಿದ್ದ ಕಂದಾಯವು ಆಮೇಲೆ ನಾಣ್ಯರೂಪವಾಗಿ ಸಲ್ಲಬೇಕಾಯಿತು. ಮನೆಯಲ್ಲಿ ಫಸಲಿದ್ದರೂ ಕೈಯಲ್ಲಿ ನಾಣ್ಯವಿಲ್ಲದ ರೈತನು ಫಸಲನ್ನು ಬಂದ ಬೆಲೆಗೆ ಮಾರಬೇಕಾಯಿತು, ಇಲ್ಲವೆ ಸಾಲಗಾರನ ಬಾಗಿಲಿಗೆ ಹೋಗಬೇಕಾಯಿತು. ಈ ಸಂಕಟವೂ ಕಾರಣವಾಗಿ 1837ರಲ್ಲಿ ದಂಗೆಯೆದ್ದಿತು. ಜಂಗಮ ಕಲ್ಯಾಣಸ್ವಾಮಿಯ ಹೆಸರನ್ನು ಧರಿಸಿದ ಪುಟ್ಟಬಸಪ್ಪನೂ ಕೆದಂಬಾಡಿ ರಾಮಯ್ಯಗೌಡನೂ ಮೊದಲಾದವರ ಮುಂದಾಳುತನದಲ್ಲಿ ರೈತರು ಮಂಗಳೂರಿನವರೆಗೂ ನಡೆದು ಅದನ್ನು ಕೆಲವು ದಿನ ಕೈವಶಮಾಡಿಕೊಂಡರು. ಕಡೆಗೆ ದಂಗೆಯು ಅಡಗಿಸಲ್ಪಟ್ಟಿತು, ಮುಂದಾಳುಗಳು ಗಲ್ಲಿಗೇರಿದರು. ಜನರು ಇದನ್ನು 'ಕಲ್ಯಾಣಪ್ಪನ ಕಾಟಕಾಯಿ' ಎಂದು ನೆನೆಯುವರು. ಶೌರ್ಯಕ್ಕೆ ಕೊರತೆಯಿರಲಿಲ್ಲ, ಆದರೆ ಸಾಲದ ಬೇರು ಕತ್ತಿಯಿಂದ ಕಡಿಯಲ್ಪಡಲಿಲ್ಲ.

ಆ ಬೇರಿಗೆ ಕೈಹಾಕಿದುದು ಮುಂದೆ ಹುಟ್ಟಿದ ಸಹಕಾರ ಧರ್ಮವು. 1904ರ ಸಹಕಾರ ಕಾಯಿದೆಯ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರ ಸಂಘವನ್ನು ಸ್ಥಾಪಿಸಿದರು. ಪುತ್ತೂರಿನಲ್ಲಿ ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು 1909ರಲ್ಲಿ ಅದೇ ಮಾರ್ಗವನ್ನು ಹಿಡಿದರು. 1914ರಲ್ಲಿ ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕು ಅವರ ಪರಿಶ್ರಮದಿಂದ ಉದಯಿಸಿತು. ಹತ್ತು ಮಂದಿಯ ಸಣ್ಣ ಉಳಿತಾಯವು ಒಂದುಗೂಡಿ ಹನ್ನೊಂದನೆಯವನ ಕಷ್ಟಕಾಲಕ್ಕೆ ಒದಗುವುದೇ ಇದರ ಮರ್ಮವು. ಇದು ದಾಸೋಹವೇ ಅಹುದು. ಆದರೆ ಪಡೆದವನು ಕಾಲಕ್ಕೆ ಸರಿಯಾಗಿ ಹಿಂದಿರುಗಿಸಿದರೆ ಮಾತ್ರ ಉಳಿಯತಕ್ಕ ದಾಸೋಹವು.

1970ರ ಸುಮಾರಿಗೆ ಅಡಿಕೆಯ ಬೆಲೆಯು ಕುಸಿದು ಬೆಳೆಗಾರರು ಕಂಗಾಲಾದಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ ಕೇರಳಗಳ ಬೆಳೆಗಾರರು ಸೇರಿ ಕ್ಯಾಂಪ್ಕೋ ಎಂಬ ಸಹಕಾರ ಸಂಸ್ಥೆಯನ್ನು ಕಟ್ಟಿದರು. ಅಡಿಕೆಯ ನೆರಳಿನಲ್ಲಿ ಬೆಳೆದ ಕೋಕೋವಿಗೆ ಕೊಳ್ಳುವವರಿಲ್ಲವಾದಾಗ ಅದನ್ನೂ ಈ ಸಂಸ್ಥೆಯೇ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೂ ತೆರೆಯಿತು. ಉದ್ಯಮಸಾಹಸವೆಂದರೆ ಒಬ್ಬನು ತನ್ನ ಸರ್ವಸ್ವವನ್ನೂ ಪಣಕ್ಕಿಡುವುದಲ್ಲ, ನಷ್ಟವನ್ನು ಹಂಚಿಕೊಳ್ಳಲು ಜೊತೆಗಾರರನ್ನು ಮೊದಲೇ ಕೂಡಿಸಿಕೊಳ್ಳುವುದು ಎಂಬುದು ಇದರಿಂದ ತಿಳಿಯುವುದು.

ಇನ್ನು ದೇಹದ ಮಾತು. ಕಾಯಕವೆಂಬ ಶಬ್ದದಲ್ಲಿಯೇ ಕಾಯವು ಅಡಗಿರುವುದು. ಮಳೆಗೆ ಜಾರುವ ಮರವನ್ನೇರಿ ಔಷಧವನ್ನು ಸಿಂಪಡಿಸುವವನಿಗೆ ಆತನ ದೇಹವೇ ಮೂಲಧನವು. ಋಣದ ಚಿಂತೆಯಿಂದ ನಿದ್ರೆಗೆಟ್ಟವನ ಕಾಲು ಮರದ ಮೇಲೆ ಸ್ಥಿರವಾಗಿ ನಿಲ್ಲದು. ಅಂಥವನ ಮನಸ್ಸು ಲಿಂಗಪೂಜೆಯಲ್ಲಿಯೂ ನಿಲ್ಲದು. ಆಯ್ದಕ್ಕಿ ಮಾರಯ್ಯಗಳು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಕ್ಕೆ ಕಳುಹಿದ ಕಥೆಯು ಸರ್ವವಿದಿತವು. ಅದು ಬಡತನದ ಹೊಗಳಿಕೆಯಲ್ಲ. ಎಷ್ಟು ಬೇಕು ಎಂಬ ಅಳತೆಯನ್ನು ಮನೆಯೊಳಗೇ ಇಟ್ಟುಕೊಂಡಿದ್ದ ಗೃಹಿಣಿಯ ವಿವೇಕವು. ಆ ಅಳತೆಯುಳ್ಳ ಮನೆಗೆ ಸಾಲವು ಸುಲಭವಾಗಿ ಪ್ರವೇಶಿಸದು.

ಆದುದರಿಂದ ಭಕ್ತರು ಹೊಸ ಉದ್ಯಮಕ್ಕೆ ಅಂಜದಿರಲಿ. ಆದರೆ ಶಿವಪ್ಪನಾಯಕನಂತೆ ಹಲವು ವರ್ಷಗಳ ಲೆಕ್ಕವನ್ನು ನೋಡಿ ಕೈಹಾಕಲಿ, ಶಿವರಾಯರಂತೆ ಹತ್ತು ಮಂದಿಯನ್ನು ಕೂಡಿಸಿಕೊಳ್ಳಲಿ, ಲಕ್ಕಮ್ಮನವರಂತೆ ಸಾಕೆಂಬ ಮಾತನ್ನು ಹೇಳಬಲ್ಲವರಾಗಲಿ. ಹೀಗೆ ನಡೆವವರ ಮನೆಯಲ್ಲಿ ಕಾಯಕವೂ ದಾಸೋಹವೂ ನಿರಂತರವಾಗಿ ನಡೆಯಲೆಂದು ಶ್ರೀಗುರುಚರಣದಲ್ಲಿ ಪ್ರಾರ್ಥಿಸುವೆವು.