ಗೆರೆ ಸರಿದಾಗ ಬದಲಾದ ಕಾಯ್ದೆ

1953ರ ಸೆಪ್ಟೆಂಬರ್ 30ರ ತನಕ ನಮ್ಮ ಎಮ್ಮಿಗನೂರು ಬಳ್ಳಾರಿ ಜಿಲ್ಲೆಯ ಆದವಾನಿ ತಾಲೂಕಿನಲ್ಲಿತ್ತು. ಮರುದಿನ ಆಂಧ್ರ ರಾಜ್ಯ ಹುಟ್ಟಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅದರ ಪಾಲಾದವು. ಬಳ್ಳಾರಿಯ ಉಳಿದ ಭಾಗ ಮೈಸೂರು ಸೇರಿತು. ಇದರಿಂದ ಕನ್ನಡಕ್ಕಾದ ನಷ್ಟದ ಬಗ್ಗೆ ನಮ್ಮವರು ಸಾಕಷ್ಟು ಬರೆದಿದ್ದಾರೆ. ನಾನು ಹೇಳಹೊರಟಿರುವುದು ಬೇರೊಂದು ಸಂಗತಿ. ಸಾರ್ವಜನಿಕ ಆರೋಗ್ಯವೂ ಮದ್ಯವೂ ಸಂವಿಧಾನದ ರಾಜ್ಯಪಟ್ಟಿಯಲ್ಲಿವೆ. ಆದ್ದರಿಂದ ಗಡಿ ಸರಿದರೆ ಮನೆಮಂದಿಯ ಆರೋಗ್ಯಕ್ಕೆ ಸಂಬಂಧಿಸಿದ ಕಾಯ್ದೆಯೂ ಸರಿಯುತ್ತದೆ.

ಒಂದು ಕಾಲದಲ್ಲಿ ಎಮ್ಮಿಗನೂರಿಗೂ ಕಾಸರಗೋಡಿಗೂ ಒಂದೇ ಕಾಯ್ದೆಯಿತ್ತು. ಎರಡೂ ಮದ್ರಾಸಿನ ಆಡಳಿತದಲ್ಲಿದ್ದವು. 1948ರ ಅಕ್ಟೋಬರ್ 2ರಂದು ಓಮಂದೂರು ರಾಮಸ್ವಾಮಿ ರೆಡ್ಡಿಯಾರರ ಸರಕಾರ ಪಾನನಿಷೇಧವನ್ನು ಇಡೀ ಪ್ರಾಂತಕ್ಕೆ ವಿಸ್ತರಿಸಿತು. ನಮ್ಮ ಸೇಂದಿ, ನಿಮ್ಮ ಕಳ್ಳು ಎರಡೂ ಒಟ್ಟಿಗೆ ನಿಂತವು.

ಹೊಸ ಆಂಧ್ರದ ರಾಜಧಾನಿಯಾದ ಕರ್ನೂಲಿನಲ್ಲಿ ಈ ಕಾಯ್ದೆಯೇ ಮಂತ್ರಿಮಂಡಲವನ್ನು ಉರುಳಿಸಿತು. ಪಾನನಿಷೇಧವನ್ನು ಕೈಬಿಡಬೇಕೆಂದು ರಾಮಮೂರ್ತಿ ಸಮಿತಿ ಹೇಳಿತ್ತು. ಪ್ರಕಾಶಂ ಪಂತುಲು ಅವರ ಸರಕಾರ ಹಾಗೆ ಮಾಡಲಿಲ್ಲ. ಸೇಂದಿ ಇಳಿಸುವವರ ಜೀವನೋಪಾಯದ ಪ್ರಶ್ನೆಯೂ ಅದರಲ್ಲಿ ಬೆರೆತಿತ್ತು. 1954ರ ನವೆಂಬರಿನಲ್ಲಿ ಅವಿಶ್ವಾಸ ಗೊತ್ತುವಳಿ ಗೆದ್ದು ಸರಕಾರ ಬಿತ್ತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಅಲ್ಲಿ ನಿಷೇಧ ತೆಗೆಯಲಾಯಿತು. ನಮ್ಮಲ್ಲಿ 1968ರ ಅಬಕಾರಿ ಕಾಯ್ದೆಯ ನಂತರ ಅಂಗಡಿಗಳು ಮತ್ತೆ ಬಂದವು.

1980ರ ದಶಕದಲ್ಲಿ ಎನ್.ಟಿ. ರಾಮರಾವ್ ಸರಕಾರ 'ವಾರುಣಿ ವಾಹಿನಿ'ಯ ಹೆಸರಿನಲ್ಲಿ ಸಾರಾಯಿಯನ್ನು ಪೊಟ್ಟಣಗಳಲ್ಲಿ ಹಳ್ಳಿಗಳಿಗೆ ಮುಟ್ಟಿಸಿತು. ಅದಕ್ಕೆ ಉತ್ತರ ಬಂದದ್ದು ಅಕ್ಷರ ಕಲಿಯುತ್ತಿದ್ದ ಹೆಂಗಸರಿಂದ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ರೋಸಮ್ಮ ಮತ್ತು ಸಂಗಾತಿಗಳು ಸಾರಾಯಿಗೆ ಅಡ್ಡನಿಂತರು. ಚಳವಳಿ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು. ನಮ್ಮ ಕರ್ನೂಲು ಜಿಲ್ಲೆಯವರೇ ಆದ ಮುಖ್ಯಮಂತ್ರಿ ಕೋಟ್ಲ ವಿಜಯಭಾಸ್ಕರ ರೆಡ್ಡಿಯವರು 1993ರ ಅಕ್ಟೋಬರ್ 1ರಿಂದ ಸಾರಾಯಿಯನ್ನು ನಿಷೇಧಿಸಿದರು. 1994ರ ಡಿಸೆಂಬರಿನಲ್ಲಿ ಮತ್ತೆ ಅಧಿಕಾರಕ್ಕೆ ಬಂದ ರಾಮರಾವ್ ಸಂಪೂರ್ಣ ಪಾನನಿಷೇಧಕ್ಕೆ ಸಹಿ ಹಾಕಿದರು. 1997ರಲ್ಲಿ ಚಂದ್ರಬಾಬು ನಾಯ್ಡು ಸರಕಾರ ವರಮಾನದ ನಷ್ಟವನ್ನೂ ಕಳ್ಳಸಾಗಣೆಯನ್ನೂ ಮುಂದಿಟ್ಟು ಅದನ್ನು ತೆಗೆಯಿತು.

ಇಲ್ಲಿ ಓದುಗರು ಒಂದು ಅಂಶವನ್ನು ಗಮನಿಸಬೇಕು. 1997ರಲ್ಲಿ ಬಾಟಲಿಯ ಮದ್ಯ ಮರಳಿತು, ಸಾರಾಯಿ ಮರಳಲಿಲ್ಲ. ಕೇರಳದಲ್ಲಿಯೂ ಹೀಗೆಯೇ ಆಯಿತು. 1996ರ ಏಪ್ರಿಲ್ 1ರಿಂದ ಎ.ಕೆ. ಆಂಟನಿ ಸರಕಾರ ಸಾರಾಯಿ ನಿಲ್ಲಿಸಿತು. ಚುನಾವಣೆಯಲ್ಲಿ ಅದು ಸೋತರೂ ಬಳಿಕ ಬಂದ ನಾಯನಾರ್ ಸರಕಾರ ಆ ನಿಷೇಧವನ್ನು ಮುಟ್ಟಲಿಲ್ಲ. ಆದರೆ 2014ರಲ್ಲಿ ಮುಚ್ಚಿದ ಬಾರುಗಳಿಗೆ 2017ರಲ್ಲಿ ಮತ್ತೆ ದಾರಿ ತೆರೆಯಿತು. ಕರ್ನಾಟಕದಲ್ಲಿ 2007ರ ಜುಲೈಯಿಂದ ಸಾರಾಯಿ ಇಲ್ಲ. ಆಂಧ್ರದಲ್ಲಿ 2019ರ ಅಕ್ಟೋಬರಿನಲ್ಲಿ ಜಗನ್ ಸರಕಾರ ಮದ್ಯದಂಗಡಿಗಳನ್ನು ತಾನೇ ವಹಿಸಿಕೊಂಡಿತು. 2024ರ ಅಕ್ಟೋಬರಿನಲ್ಲಿ ಹೊಸ ಸರಕಾರ ಅವನ್ನು ಖಾಸಗಿಯವರಿಗೆ ಬಿಟ್ಟಿತು.

ಸಾರಾಯಿ ನಿಷೇಧ ಉಳಿದು ಉಳಿದದ್ದೆಲ್ಲ ಅಳಿಸಿಹೋಗಲು ನನಗೆ ಎರಡು ಕಾರಣಗಳು ಕಾಣುತ್ತವೆ. ನಮ್ಮಲ್ಲಿ ಸಾರಾಯಿಯ ವಿರುದ್ಧ ನಿಂತವರು ಬೀದಿಗಿಳಿದ ತಾಯಂದಿರು. ಅವರನ್ನು ಎದುರುಹಾಕಿಕೊಳ್ಳಲು ಯಾವ ಪಕ್ಷಕ್ಕೂ ಧೈರ್ಯವಿಲ್ಲ. ಎರಡನೆಯದು ಕಹಿಯಾದ ಕಾರಣ: ಸಾರಾಯಿ ಹೋದರೂ ಬಾಟಲಿಯ ಮೂಲಕ ಬೊಕ್ಕಸ ತುಂಬುತ್ತಲೇ ಇತ್ತು. ಪಾನನಿಷೇಧಕ್ಕೆ ಪ್ರಯತ್ನಿಸಬೇಕೆನ್ನುವ ಸಂವಿಧಾನದ 47ನೆಯ ವಿಧಿ ಅದನ್ನು ಸಾರ್ವಜನಿಕ ಆರೋಗ್ಯದ ಜೊತೆಗೇ ಹೇಳಿದೆ. ಸರಕಾರಗಳು ಮಾತ್ರ ಅದನ್ನು ಅಬಕಾರಿ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡಿವೆ. ಆಳುವವರು ಬದಲಾದಾಗ ಆ ಪುಸ್ತಕದ ಪುಟ ಮಗುಚುತ್ತದೆ. ಮಗ್ಗದ ಕೂಲಿ ಅಂಗಡಿಗೆ ಹೋದ ಮನೆಯ ಲೆಕ್ಕ ಯಾವ ಪುಟದಲ್ಲಿಯೂ ಇರುವುದಿಲ್ಲ.

ಗಡಿನಾಡಿನ ನಾವು ಎರಡು ರಾಜ್ಯಗಳ ನೀತಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಲ್ಲವರು. ಒಂದು ಕಡೆ ಬಾಗಿಲು ಮುಚ್ಚಿದರೆ ಇನ್ನೊಂದು ಕಡೆ ವ್ಯಾಪಾರ ಬೆಳೆಯುವುದನ್ನು ರಾಜಧಾನಿಯವರಿಗಿಂತ ಮೊದಲು ಕಾಣುವವರೂ ನಾವೇ. ಸಂಖ್ಯೆಯಲ್ಲಿ ಅಲ್ಪರಾದ ನಮ್ಮ ಮತದಿಂದ ಸರಕಾರ ಬೀಳಲಿಕ್ಕಿಲ್ಲ. ದೂಬಗುಂಟದ ಹೆಂಗಸರೂ ಎಣಿಕೆಯಲ್ಲಿ ಕೆಲವರೇ ಆಗಿದ್ದರು. ಮನೆಯ ಲೆಕ್ಕವನ್ನು ಬೀದಿಯಲ್ಲಿ ಓದಿ ಹೇಳಿದ್ದರಿಂದ ಅವರ ಕಾಯ್ದೆ ಉಳಿಯಿತು. ಗಡಿಯ ಈ ಕಡೆಯೂ ಆ ಕಡೆಯೂ ನಾವು ಮಾಡಬಹುದಾದ ಕೆಲಸ ಅದು.