ಕೂಟ ಮುಗಿದ ಮೇಲೆ ಉಳಿಯುವ ಲೆಕ್ಕ

ಒಲಿಂಪಿಕ್ಸ್, ವಿಶ್ವಕಪ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಗೇಮ್ಸ್‌ನಂಥ ಮಹಾಕೂಟಗಳು ಮುಗಿದ ಮೇಲೆ ಆತಿಥ್ಯ ವಹಿಸಿದ ಊರಿಗೆ ಏನು ಉಳಿಯುತ್ತದೆ ಎಂದು ಅಳೆಯುವುದು ಕ್ರೀಡಾ ನೀತಿ ಸಂಶೋಧನೆಯ ಒಂದು ಮುಖ್ಯ ಕವಲು. ಸರ್ಕಾರಗಳು ಕ್ರೀಡೆಗೆ ಹಣ ಹೂಡುವುದೇಕೆ, ಆ ಹಣದಿಂದ ಎಷ್ಟು ಪದಕ ಬಂತು, ಎಷ್ಟು ಮಕ್ಕಳು ಮೈದಾನಕ್ಕಿಳಿದರು ಎಂದು ಕೇಳುವುದು ಇನ್ನೊಂದು ಕವಲು. ಎರಡೂ ಬಹುಕಾಲ ಒಂದರ ಪರಿವೆ ಒಂದಕ್ಕಿಲ್ಲದೆ ಬೆಳೆದವು. ಅವು ಒಂದೆಡೆ ಸೇರಿದ್ದು ತೀರಾ ಈಚೆಗೆ.

ಮೊದಲ ಕವಲು ಹುಟ್ಟಿದ್ದು ಸಾಲದಿಂದ. 1976ರ ಒಲಿಂಪಿಕ್ಸ್ ನಡೆಸಿದ ಕೆನಡಾದ ಮಾಂಟ್ರಿಯಲ್ ನಗರದ ಮೇಯರ್ ಜ್ಯಾನ್ ದ್ರಾಪೊ, ಗಂಡಸು ಹೆರುವುದು ಎಷ್ಟು ಅಸಾಧ್ಯವೋ ಒಲಿಂಪಿಕ್ಸ್ ನಷ್ಟಕ್ಕೆ ಬೀಳುವುದೂ ಅಷ್ಟೇ ಅಸಾಧ್ಯ ಎಂಬ ಭರವಸೆ ಕೊಟ್ಟಿದ್ದರು. ನಗರ ಹೊತ್ತ ಸಾಲ ಸುಮಾರು 150 ಕೋಟಿ ಡಾಲರ್. ತಂಬಾಕಿನ ಮೇಲೆ ತೆರಿಗೆ ಹಾಕಿ ತೀರಿಸುತ್ತಾ ಬಂದ ಆ ಸಾಲ ಚುಕ್ತಾ ಆದದ್ದು 2006ರಲ್ಲಿ, ಮೂವತ್ತು ವರ್ಷಗಳ ನಂತರ. ಕೂಟ ನಡೆದಾಗ ಹುಟ್ಟಿಯೇ ಇರದವರು ಅದರ ತೆರಿಗೆ ಕಟ್ಟಿದರು. ಇದಕ್ಕೆ ಮುಂಚೆಯೇ, 1972ರ ನವೆಂಬರ್‌ನಲ್ಲಿ, ಅಮೆರಿಕದ ಕೊಲರಾಡೊ ರಾಜ್ಯದ ಮತದಾರರು ಡೆನ್ವರ್‌ಗೆ ಸಿಕ್ಕಿದ್ದ ಚಳಿಗಾಲದ ಒಲಿಂಪಿಕ್ಸಿಗೆ ಹಣ ಕೊಡಲು ಒಪ್ಪದೆ ಕೂಟವನ್ನೇ ವಾಪಸು ಕಳಿಸಿದ್ದರು. 1984ರಲ್ಲಿ ಲಾಸ್ ಏಂಜಲೀಸ್ ಹಳೆಯ ಕ್ರೀಡಾಂಗಣಗಳನ್ನೇ ಬಳಸಿ, ಪ್ರಾಯೋಜಕರಿಂದ ಹಣ ಎತ್ತಿ, 23 ಕೋಟಿ ಡಾಲರಿಗೂ ಮಿಕ್ಕ ಉಳಿತಾಯ ತೋರಿಸಿತು. ಅದರ ಒಂದು ಭಾಗದಿಂದ ಹುಟ್ಟಿದ ಪ್ರತಿಷ್ಠಾನ ದಕ್ಷಿಣ ಕ್ಯಾಲಿಫೋರ್ನಿಯದ ಮಕ್ಕಳ ಆಟಕ್ಕೆ ಇಂದಿಗೂ ನೆರವು ಕೊಡುತ್ತಿದೆ. ಒಂದೇ ಬಗೆಯ ಕೂಟ ಒಂದೂರಿಗೆ ಸಾಲ, ಇನ್ನೊಂದೂರಿಗೆ ಗಂಟು ಬಿಟ್ಟುಹೋದದ್ದೇಕೆ ಎಂಬ ಪ್ರಶ್ನೆ ವಿದ್ವಾಂಸರ ಮುಂದೆ ಬಂತು.

ಅದೇ 1984ರಲ್ಲಿ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬ್ರೆಂಟ್ ರಿಚಿ ಇಂಥ ಕೂಟಗಳ ಪರಿಣಾಮವನ್ನು ಆರ್ಥಿಕ, ಭೌತಿಕ, ಸಾಮಾಜಿಕ, ಮಾನಸಿಕ, ರಾಜಕೀಯ ಎಂದು ವಿಂಗಡಿಸಿ ನೋಡುವ ಚೌಕಟ್ಟನ್ನು ಮುಂದಿಟ್ಟರು. 1988ರ ಚಳಿಗಾಲದ ಒಲಿಂಪಿಕ್ಸ್ ಅವರ ಊರಿಗೇ ಬರುವುದಿತ್ತು. ಕೂಟಕ್ಕೆ ಹಲವು ವರ್ಷ ಮುಂಚಿನಿಂದಲೇ ಅವರ ತಂಡ ಊರವರ ಅಭಿಪ್ರಾಯವನ್ನು ಮತ್ತೆಮತ್ತೆ ಕೇಳಿ ದಾಖಲಿಸಿತು. ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಳೆಯಬೇಕು ಎಂಬ ಈ ಸರಳ ಶಿಸ್ತು ಮುಂದೆ ಎಷ್ಟೋ ಕೂಟಗಳಲ್ಲಿ ತಪ್ಪಿಹೋಯಿತು.

ತೊಂಬತ್ತರ ದಶಕದಲ್ಲಿ ಅರ್ಥಶಾಸ್ತ್ರಜ್ಞರು ಒಳಬಂದರು. ಅಲ್ಲಿಯವರೆಗೆ ಆಯೋಜಕರು ನೇಮಿಸಿದ ಸಲಹಾ ಸಂಸ್ಥೆಗಳು ಪ್ರೇಕ್ಷಕರು ಮಾಡುವ ಖರ್ಚನ್ನು ಒಂದು ಗುಣಕದಿಂದ ಗುಣಿಸಿ ದೊಡ್ಡ ಲಾಭದ ಮೊತ್ತ ಹೇಳುತ್ತಿದ್ದವು. ರಾಜರ್ ನೋಲ್ ಮತ್ತು ಆ್ಯಂಡ್ರೂ ಝಿಂಬಲಿಸ್ಟ್ 1997ರಲ್ಲಿ ಸಂಪಾದಿಸಿದ ಗ್ರಂಥ, ರಾಬರ್ಟ್ ಬಾಡ್ ಮತ್ತು ವಿಕ್ಟರ್ ಮ್ಯಾಥಿಸನ್ ಅವರ ಲೇಖನಗಳು ಈ ಗುಣಾಕಾರದ ದೋಷವನ್ನು ಬಿಡಿಸಿ ತೋರಿಸಿದವು. ಊರಿನವನೇ ಟಿಕೆಟ್ ಕೊಂಡರೆ ಅದು ಹೊಸ ಹಣವಲ್ಲ, ಸಿನಿಮಾಕ್ಕೋ ಹೋಟೆಲಿಗೋ ಹೋಗಬೇಕಿದ್ದ ಹಣ ದಾರಿ ಬದಲಿಸಿದ್ದು ಅಷ್ಟೇ. ಕೂಟದ ಗದ್ದಲಕ್ಕೆ ಹೆದರಿ ಮಾಮೂಲಿ ಪ್ರವಾಸಿಗರು ದೂರ ಉಳಿಯುವುದೂ ಉಂಟು. ಒಲಿಂಪಿಕ್ಸ್ ನಡೆದ 2012ರ ಆಗಸ್ಟ್‌ನಲ್ಲಿ ಬ್ರಿಟನ್ನಿಗೆ ಬಂದ ವಿದೇಶಿಯರು ಹಿಂದಿನ ಆಗಸ್ಟ್‌ಗಿಂತ ಕಡಿಮೆ. ಖರ್ಚಿನ ಬದಿಯ ಲೆಕ್ಕವನ್ನು ಆಕ್ಸ್‌ಫರ್ಡ್‌ನ ಬೆಂಟ್ ಫ್ಲುಬ್ಯಾ ಮತ್ತು ಆ್ಯಲಿಸನ್ ಸ್ಟುವರ್ಟ್ 2012ರಲ್ಲಿ ಮುಗಿಸಿದರು. ಅವರಿಗೆ ಲೆಕ್ಕ ಸಿಕ್ಕ ಒಲಿಂಪಿಕ್ಸ್‌ಗಳಲ್ಲಿ ಅಂದಾಜಿನೊಳಗೆ ಮುಗಿದದ್ದು ಒಂದೂ ಇರಲಿಲ್ಲ. ಖರ್ಚು ಅಂದಾಜನ್ನು ಮೀರಿದ್ದು ಸರಾಸರಿ ಶೇ 179ರಷ್ಟು.

ಟೀಕೆ ಬಲವಾಗುತ್ತಿದ್ದಂತೆ ಒಲಿಂಪಿಕ್ ಸಂಸ್ಥೆ ‘ಲೆಗಸಿ’ ಎಂಬ ಮಾತನ್ನು ಮುನ್ನೆಲೆಗೆ ತಂದಿತು. 2002ರ ನವೆಂಬರ್‌ನಲ್ಲಿ ಲೊಸಾನ್‌ನಲ್ಲಿ ಇದಕ್ಕೆಂದೇ ವಿಚಾರ ಸಂಕಿರಣ ನಡೆಯಿತು. ಮರುವರ್ಷ, ಆತಿಥೇಯ ನಗರಕ್ಕೂ ದೇಶಕ್ಕೂ ಒಳ್ಳೆಯ ಲೆಗಸಿ ಉಳಿಯುವಂತೆ ನೋಡಿಕೊಳ್ಳುವುದು ಸಂಸ್ಥೆಯ ಕರ್ತವ್ಯ ಎಂಬ ಮಾತು ಒಲಿಂಪಿಕ್ ಸನ್ನದಿಗೆ ಸೇರಿತು. ಕನ್ನಡದಲ್ಲಿ ಇದಕ್ಕೆ ಬಳುವಳಿ ಎನ್ನಬಹುದು. ಆದರೆ ಬಳುವಳಿ ಎಂದರೆ ಒಳ್ಳೆಯದೇ ಎಂಬ ಭಾವನೆ ಮನಸ್ಸಿಗೆ ಬರುತ್ತದೆ, ಇಂಗ್ಲಿಷ್ ಪದದ ತೊಡಕೂ ಅದೇ. ಅಜ್ಜ ಬಿಟ್ಟುಹೋದದ್ದರಲ್ಲಿ ಹೊಲವೂ ಇರಬಹುದು, ಹೊಲದ ಮೇಲಿನ ಸಾಲವೂ ಇರಬಹುದು.

ಈ ತೊಡಕನ್ನು ಬಿಡಿಸಿದವರು ಜರ್ಮನಿಯ ಹೋಲ್ಗರ್ ಪ್ರಾಯ್ಸ್. ಉಳಿಕೆಯನ್ನು ಯೋಜಿತವೋ ಆಕಸ್ಮಿಕವೋ, ಒಳಿತೋ ಕೆಡುಕೋ, ಕಣ್ಣಿಗೆ ಕಾಣುವಂಥದೋ ಕಾಣದ್ದೋ ಎಂಬ ಮೂರು ದಿಕ್ಕುಗಳಲ್ಲಿ ಅಳೆಯಬೇಕೆಂದು ಅವರು ಸೂಚಿಸಿದರು. ಮೂರೂ ದಿಕ್ಕು ಸೇರಿದರೆ ಎಂಟು ಕೋಣೆಗಳ ಒಂದು ಘನವಾಗುತ್ತದೆ. ಆತಿಥ್ಯಕ್ಕೆ ಅರ್ಜಿ ಹಾಕುವ ನಗರಗಳು ಯೋಜಿತ, ಒಳ್ಳೆಯ, ಕಣ್ಣಿಗೆ ಕಾಣುವ ಫಲದ ಒಂದೇ ಕೋಣೆಯನ್ನು ತೋರಿಸಿ ಉಳಿದ ಏಳನ್ನು ಮುಚ್ಚಿಡುತ್ತವೆ ಎಂಬುದು ಅವರ ಮುಖ್ಯ ಮಾತು. ಹೆಚ್ಚುಕಡಿಮೆ ಅದೇ ಕಾಲಕ್ಕೆ, 2004ರಲ್ಲಿ, ಲಾರೆನ್ಸ್ ಚಾಲಿಪ್ ಇನ್ನೂ ಮುಂದೆ ಹೋದರು. ಪರಿಣಾಮ ತಾನಾಗಿ ಬರುವುದಿಲ್ಲ, ಕೂಟವನ್ನು ನೆಪ ಮಾಡಿಕೊಂಡು ಬೇಕಾದ ಕೆಲಸ ಮಾಡಿಸಿಕೊಳ್ಳಬೇಕು, ಅದಕ್ಕೆ ಬೇರೆಯೇ ಯೋಜನೆ, ಬೇರೆಯೇ ಹಣ ಬೇಕು ಎಂದು ಅವರು ವಾದಿಸಿದರು. ಈ ಕ್ಷೇತ್ರದಲ್ಲಿ ಬಂದ ವಿಚಾರಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಇದು.

ಇನ್ನೊಂದು ಕವಲು ಬ್ರಿಟನ್ ಮತ್ತು ಯುರೋಪಿನಲ್ಲಿ ಬೆಳೆಯಿತು. ಬ್ಯಾರಿ ಹೂಲಿಹನ್ 1997ರಲ್ಲಿ ಹಲವು ದೇಶಗಳ ಕ್ರೀಡಾ ನೀತಿಗಳನ್ನು ಹೋಲಿಸಿ ಬರೆದರು. ವೀರ್ಲ ದಿ ಬೋಸ್ಕರ್ ಮತ್ತು ಸಂಗಡಿಗರು ‘ಸ್ಪ್ಲಿಸ್’ ಎಂಬ ಯೋಜನೆಯಡಿ ಹಣಕಾಸು, ಪ್ರತಿಭಾನ್ವೇಷಣೆ, ತರಬೇತುದಾರರು, ತರಬೇತಿ ಕೇಂದ್ರಗಳು ಮೊದಲಾದ ಒಂಬತ್ತು ಸ್ತಂಭಗಳ ಮೇಲೆ ದೇಶಗಳ ಪದಕ ಸಾಮರ್ಥ್ಯವನ್ನು ತೂಗಿದರು. 2009ರಲ್ಲಿ ಕ್ರೀಡಾ ನೀತಿಗೇ ಮೀಸಲಾದ ಅಂತರರಾಷ್ಟ್ರೀಯ ಸಂಶೋಧನಾ ಪತ್ರಿಕೆಯೊಂದು ಶುರುವಾಯಿತು.

ಎರಡು ಕವಲುಗಳೂ ಲಂಡನ್‌ನಲ್ಲಿ ಸೇರಿದವು. 2012ರ ಒಲಿಂಪಿಕ್ಸ್ ನೋಡಿದ ಜನ ತಾವೂ ಆಟಕ್ಕಿಳಿಯುತ್ತಾರೆ, ಇಪ್ಪತ್ತು ಲಕ್ಷ ಮಂದಿ ಹೆಚ್ಚು ಚಟುವಟಿಕೆಯಿಂದಿರುತ್ತಾರೆ ಎಂದು ಬ್ರಿಟನ್ ಸರ್ಕಾರ ಗುರಿ ಇಟ್ಟುಕೊಂಡಿತ್ತು. 2010ರಲ್ಲಿ ಬಂದ ಹೊಸ ಸರ್ಕಾರ ಆ ಗುರಿಯನ್ನು ಕೈಬಿಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಶಾಲೆಗಳ ನಡುವೆ ಆಟ ಹಬ್ಬಿಸುತ್ತಿದ್ದ ಯೋಜನೆಯ 16.2 ಕೋಟಿ ಪೌಂಡ್ ಅನುದಾನ ರದ್ದಾಗಿ, ವಿರೋಧ ಬಂದ ಮೇಲೆ ಅಷ್ಟಿಷ್ಟು ಮರಳಿತು. ಇತ್ತ, ಲಾಟರಿ ಹಣ ಪಡೆದ ಅಗ್ರ ಕ್ರೀಡಾಪಟುಗಳು 1996ರಲ್ಲಿ ಗೆದ್ದಿದ್ದ ಒಂದೇ ಚಿನ್ನವನ್ನು 2012ಕ್ಕೆ 29ಕ್ಕೆ ಏರಿಸಿದರು. ಪದಕದ ನೀತಿ ಗೆದ್ದಿತು, ಜನರ ಆಟದ ನೀತಿ ಸೋತಿತು. ನೋಡಿದವರು ಆಡುತ್ತಾರೆ ಎಂಬ ನಂಬಿಕೆಗೆ ಬೇರೆಡೆಯೂ ಆಧಾರ ಸಿಗಲಿಲ್ಲ. 2010ರಲ್ಲಿ ಗ್ಲಾಸ್ಗೊದ ಸಂಶೋಧಕರು 1978ರಿಂದ 2008ರವರೆಗಿನ ಕೂಟಗಳ ಕುರಿತ 54 ಅಧ್ಯಯನಗಳನ್ನು ಜಾಲಾಡಿ, ಆರೋಗ್ಯಕ್ಕೆ ಲಾಭವಾಯಿತೆಂದು ಹೇಳುವಷ್ಟು ಪುರಾವೆ ಇಲ್ಲವೆಂದು ಪ್ರಕಟಿಸಿದರು. 2021ರಲ್ಲಿ ‘ದಿ ಲ್ಯಾನ್ಸೆಟ್’ನಲ್ಲಿ ಬಂದ ಸಮೀಕ್ಷೆ ಒಲಿಂಪಿಕ್ಸ್‌ಗಳ ಬಗ್ಗೆಯೂ ಹೆಚ್ಚುಕಡಿಮೆ ಅದನ್ನೇ ಹೇಳಿತು.

ಭಾರತದಲ್ಲಿ ಈ ಅಧ್ಯಯನ ತಡವಾಗಿ ಬಂದರೂ ಸಾಮಗ್ರಿ ಹಳೆಯದು. 1982ರ ದೆಹಲಿ ಏಷ್ಯಾಡ್ ಜವಾಹರಲಾಲ್ ನೆಹರೂ ಕ್ರೀಡಾಂಗಣ, ಮೇಲ್ಸೇತುವೆಗಳು, ಕಲರ್ ಟಿವಿ ತಂದಿತು. ಕಟ್ಟಿದ ಕ್ರೀಡಾಂಗಣಗಳನ್ನು ನೋಡಿಕೊಳ್ಳಲೆಂದು 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಹುಟ್ಟಿತು, ಅದೇ ವರ್ಷ ಮೊದಲ ರಾಷ್ಟ್ರೀಯ ಕ್ರೀಡಾ ನೀತಿಯೂ ಬಂತು. ಬೆಂಗಳೂರಿನ ಜ್ಞಾನಭಾರತಿ ಬಳಿ ರಾಷ್ಟ್ರೀಯ ಹಾಕಿ ತಂಡಗಳ ಶಿಬಿರ ನಡೆಯುವ ದಕ್ಷಿಣ ಕೇಂದ್ರ ಈ ಪ್ರಾಧಿಕಾರದ್ದೇ.

ಏಷ್ಯಾಡ್‌ನ ದೊಡ್ಡ ಉಳಿಕೆ ಮಾತ್ರ ಯಾರ ಯೋಜನೆಯಲ್ಲೂ ಇರಲಿಲ್ಲ. ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾಗಳಿಂದ ಬಂದು ಕಾಮಗಾರಿಗಳಲ್ಲಿ ದುಡಿಯುತ್ತಿದ್ದವರ ಸ್ಥಿತಿ ನೋಡಲು ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆ ಮೂವರು ಸಮಾಜ ವಿಜ್ಞಾನಿಗಳನ್ನು ಕಳಿಸಿತು. ದಿನದ ಕನಿಷ್ಠ ಕೂಲಿ 9 ರೂಪಾಯಿ 25 ಪೈಸೆ. ಅದರಲ್ಲಿ ಜಮಾದಾರ ಒಂದು ರೂಪಾಯಿ ಕಮಿಷನ್ ಮುರಿದುಕೊಂಡು ಆಳಿನ ಕೈಗೆ 8 ರೂಪಾಯಿ 25 ಪೈಸೆ ಇಡುತ್ತಿದ್ದ. ವರದಿಯ ಆಧಾರದ ಮೇಲೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ರಿಟ್ ಅರ್ಜಿಯಾಗಿ ಸ್ವೀಕರಿಸಿತು. ಕೂಟಕ್ಕೆ ಎರಡು ತಿಂಗಳಿದ್ದಾಗ, 1982ರ ಸೆಪ್ಟೆಂಬರ್ 18ರಂದು, ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ತೀರ್ಪಿತ್ತಿತು. ಕ್ರೀಡಾಂಗಣಗಳ ಗಾರೆ ಉದುರಿ, ದುರಸ್ತಿಯಾಗಿ, ಮತ್ತೆ ಉದುರಿದರೂ ಆ ತೀರ್ಪು ಇಂದಿಗೂ ದೇಶದ ಕೂಲಿಕಾರರ ಬೆನ್ನಿಗಿದೆ. ಪ್ರಾಯ್ಸ್ ಅವರ ಘನದಲ್ಲಿ ಆಕಸ್ಮಿಕ, ಒಳಿತು, ಕಣ್ಣಿಗೆ ಕಾಣದ್ದು ಎಂಬ ಕೋಣೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

2010ರ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ನ ದಾಖಲೆ ಹೆಚ್ಚಾಗಿ ಲೆಕ್ಕಪರಿಶೋಧಕರದು. ಮಹಾಲೇಖಪಾಲರ 2011ರ ವರದಿಯ ಪ್ರಕಾರ ಕೇಂದ್ರ ಮತ್ತು ದೆಹಲಿ ಸರ್ಕಾರಗಳ ಅಂದಾಜು ವೆಚ್ಚವೇ 18,532 ಕೋಟಿ ರೂಪಾಯಿ. ಕೂಟಕ್ಕಾಗಿ ಬಡವರ ವಸತಿಗಳನ್ನು ತೆರವು ಮಾಡಿದ್ದನ್ನು ಹೌಸಿಂಗ್ ಅಂಡ್ ಲ್ಯಾಂಡ್ ರೈಟ್ಸ್ ನೆಟ್‌ವರ್ಕ್ ದಾಖಲಿಸಿತು. ಭಾರತ 38 ಚಿನ್ನ ಸೇರಿ 101 ಪದಕ ಗೆದ್ದಿತು. ಅವುಗಳಲ್ಲಿ ಕೊಡಗು ಮೂಲದ ಅಶ್ವಿನಿ ಪೊನ್ನಪ್ಪ ಅವರು ಜ್ವಾಲಾ ಗುಟ್ಟಾ ಜೊತೆ ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ಗೆದ್ದ ಚಿನ್ನವೂ ಒಂದು. ಪದಕಗಳ ಪಟ್ಟಿ ಎಲ್ಲರಿಗೂ ಸಿಗುತ್ತದೆ, ತೆರವಾದವರ ಪಟ್ಟಿಗೆ ಮಾತ್ರ ಒಂದು ಸ್ವಯಂಸೇವಾ ಸಂಸ್ಥೆಯ ವರದಿ ಹುಡುಕಬೇಕು. ಈ ಅಂತರವೇ ಭಾರತದಲ್ಲಿ ಈ ಕ್ಷೇತ್ರದ ಬಡತನ. ಸಣ್ಣ ಕೂಟಗಳ ಕಡೆ ನೋಡಿದವರಂತೂ ತೀರಾ ವಿರಳ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಬೆಂಗಳೂರಿನ ಕೋರಮಂಗಲದಲ್ಲಿ ಒಳಾಂಗಣ ಕ್ರೀಡಾಂಗಣ ಮತ್ತು ಕ್ರೀಡಾಗ್ರಾಮ ಎದ್ದವು. ಕ್ರೀಡಾಗ್ರಾಮ ವಸತಿ ಸಮುಚ್ಚಯವಾಗಿ ಊರಿನಲ್ಲಿ ಬೆರೆತುಹೋಗಿದೆ. ಅಂಥ ಸಾಧಾರಣ ಬಳಕೆಯೂ ಅಧ್ಯಯನಕ್ಕೆ ಯೋಗ್ಯ.

ಕಳೆದ ದಶಕದಲ್ಲಿ ಸಂಶೋಧನೆಯ ಫಲ ಮತಪೆಟ್ಟಿಗೆಯಲ್ಲೂ ಕಾಣಿಸಿತು. 2015ರಲ್ಲಿ ಬಾಸ್ಟನ್ ಒಲಿಂಪಿಕ್ಸ್ ಆತಿಥ್ಯದ ಅರ್ಜಿ ಹಿಂತೆಗೆದುಕೊಂಡಿತು, ಹ್ಯಾಂಬರ್ಗ್‌ನ ಜನ ಮತ ಹಾಕಿ ಬೇಡವೆಂದರು. 2014ರ ಡಿಸೆಂಬರ್‌ನಲ್ಲಿ ಒಪ್ಪಿದ ‘ಒಲಿಂಪಿಕ್ ಅಜೆಂಡಾ 2020’ ಇರುವ ಕಟ್ಟಡಗಳನ್ನೇ ಬಳಸಲು ಒತ್ತು ಕೊಟ್ಟಿತು. 2024ರ ಪ್ಯಾರಿಸ್ ಕೂಟ ಶೇ 95ರಷ್ಟು ಹಳೆಯ ಅಥವಾ ತಾತ್ಕಾಲಿಕ ಅಂಗಣಗಳಲ್ಲಿ ನಡೆಯಿತು. 2023ರ ಜುಲೈನಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ ಖರ್ಚು ಹೆಚ್ಚೆಂದು 2026ರ ಕಾಮನ್‌ವೆಲ್ತ್ ಗೇಮ್ಸ್ ಬಿಟ್ಟುಕೊಟ್ಟಿತು.

2030ರ ಕಾಮನ್‌ವೆಲ್ತ್ ಗೇಮ್ಸ್ ಅಹಮದಾಬಾದಿಗೆ ಬಂದಿದೆ, 2036ರ ಒಲಿಂಪಿಕ್ಸ್ ಮೇಲೂ ಭಾರತದ ಕಣ್ಣಿದೆ. ಆ ಊರಿನಲ್ಲಿ ಇಂದು ಎಷ್ಟು ಮಕ್ಕಳು ಆಡುತ್ತಿದ್ದಾರೆ, ಯಾರು ಎಲ್ಲಿ ವಾಸವಾಗಿದ್ದಾರೆ, ಇರುವ ಮೈದಾನಗಳು ಯಾರಿಗೆ ತೆರೆದಿವೆ ಎಂಬ ಎಣಿಕೆ ಅಡಿಗಲ್ಲು ಬೀಳುವ ಮೊದಲೇ ನಡೆಯಬೇಕು. ಕೂಟ ಮುಗಿದ ಮೇಲೆ ಅದನ್ನು ಎಣಿಸಲು ಬರುವುದಿಲ್ಲ.