ಫ್ಯಾನ್ ವೇಗ: ಕಂಪ್ಯೂಟರ್‌ಗಳಲ್ಲಿ ಎಣಿಕೆ ಮತ್ತು ನಿಯಂತ್ರಣದ ಇತಿಹಾಸ

ಕಂಪ್ಯೂಟರಿನ ಬಿಸಿಯನ್ನು ಹೊರಹಾಕುವ ಫ್ಯಾನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ಎಣಿಸಿ, ಬಿಸಿ ಏರಿದಾಗ ವೇಗ ಹೆಚ್ಚಿಸಿ ಇಳಿದಾಗ ತಗ್ಗಿಸುವ ವ್ಯವಸ್ಥೆ ಇಂದು ಬಹುತೇಕ ಎಲ್ಲ ಮದರ್‌ಬೋರ್ಡುಗಳಲ್ಲೂ ಇದೆ. ಸಾಮಾನ್ಯ ಪಿಸಿಗಳಿಗೆ ಎಣಿಕೆ ಮೊದಲು ಬಂತು, ಹಿಡಿತ ಆಮೇಲೆ. ಎರಡೂ ಫ್ಯಾನಿನ ಅವೇ ಮೂರು ತಂತಿಗಳನ್ನು ನೆಚ್ಚಿಕೊಂಡಿದ್ದ ವರ್ಷಗಳಲ್ಲಿ ಒಂದಕ್ಕೊಂದು ಅಡ್ಡಬರುತ್ತಿದ್ದವು. ಈ ಇತಿಹಾಸದ ತಿರುಳು ಆ ತಿಕ್ಕಾಟದಲ್ಲೇ ಇದೆ.

1981ರ ಐಬಿಎಂ ಪಿಸಿಯಲ್ಲಿದ್ದ 8088 ಪ್ರೊಸೆಸರ್ 4.77 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಅದಕ್ಕೆ ಹೀಟ್‌ಸಿಂಕ್ ಕೂಡ ಬೇಕಿರಲಿಲ್ಲ. ಇದ್ದ ಒಂದೇ ಫ್ಯಾನು ಪವರ್ ಸಪ್ಲೈ ಒಳಗೆ, ಸ್ವಿಚ್ ಹಾಕಿದಲ್ಲಿಂದ ಆರಿಸುವವರೆಗೂ ಒಂದೇ ಸಮನೆ ತಿರುಗುತ್ತಿತ್ತು. ಫ್ಯಾನಿನ ಸದ್ದು ಆಪಲ್‌ನ ಸ್ಟೀವ್ ಜಾಬ್ಸ್‌ಗೆ ಹಿಡಿಸುತ್ತಿರಲಿಲ್ಲ. 1980ರ ಆಪಲ್ 3, 1984ರ ಮೊದಲ ಮ್ಯಾಕಿಂಟಾಶ್ ಎರಡಕ್ಕೂ ಫ್ಯಾನ್ ಇರಲಿಲ್ಲ. ಆಪಲ್ 3 ಬಿಸಿಯಾಗುವ ಯಂತ್ರವೆಂದೇ ಹೆಸರು ಕೆಡಿಸಿಕೊಂಡಿತು. 1993ರಲ್ಲಿ ಬಂದ ಮೊದಲ ಪೆಂಟಿಯಂ ಹದಿನೈದು ವ್ಯಾಟ್‌ನ ಆಸುಪಾಸಿನ ಬಿಸಿ ಉಗುಳುತ್ತಿತ್ತು. ಅಲ್ಲಿಂದ ಪ್ರೊಸೆಸರ್ ಮೇಲೊಂದು ಪುಟ್ಟ ಫ್ಯಾನು ಕೂರಿಸುವುದು ವಾಡಿಕೆಯಾಯಿತು. ಆ ಫ್ಯಾನಿನ ಬೇರಿಂಗ್ ಸವೆದು ಅದು ನಿಂತುಹೋದರೆ ಯಂತ್ರಕ್ಕೆ ಗೊತ್ತಾಗುವ ದಾರಿ ಇರಲಿಲ್ಲ.

ದಾರಿ ಫ್ಯಾನಿನ ಒಳಗೇ ಇತ್ತು. ಬ್ರಷ್ ಇಲ್ಲದ ಡಿಸಿ ಮೋಟಾರಿನಲ್ಲಿ ಯಾವ ಸುರುಳಿಗೆ ಯಾವಾಗ ಕರೆಂಟು ಕೊಡಬೇಕೆಂದು ತಿಳಿಯಲು ಹಾಲ್ ಸಂವೇದಕವೊಂದು ಅಯಸ್ಕಾಂತದ ಧ್ರುವಗಳನ್ನು ಗಮನಿಸುತ್ತಿರುತ್ತದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಕೊಂಡ ಪರಿಣಾಮವೇ ಇದಕ್ಕೆ ಆಧಾರ. ಆ ಸಂಕೇತವನ್ನೇ ಮೂರನೆಯ ತಂತಿಯಾಗಿ ಹೊರಗೆ ತಂದದ್ದು ಬಹಳ ಜಾಣತನದ ಕೆಲಸ. ನಾಲ್ಕು ಧ್ರುವದ ಅಯಸ್ಕಾಂತವಿರುವ ಫ್ಯಾನು ಒಂದು ಸುತ್ತಿಗೆ ಎರಡು ಪಲ್ಸ್ ಕೊಡುತ್ತದೆ; ನಿಮಿಷದ ಪಲ್ಸ್‌ಗಳನ್ನು ಎರಡರಿಂದ ಭಾಗಿಸಿದರೆ ವೇಗ ಸಿಕ್ಕಿತು.

ಎಣಿಸುವ ಚಿಪ್‌ಗಳಲ್ಲಿ ಹೆಸರು ಮಾಡಿದ್ದು ನ್ಯಾಷನಲ್ ಸೆಮಿಕಂಡಕ್ಟರ್‌ನ ಎಲ್‌ಎಂ78. 1990ರ ದಶಕದ ಉತ್ತರಾರ್ಧದ ಮದರ್‌ಬೋರ್ಡುಗಳಲ್ಲಿ ಅದು ವೋಲ್ಟೇಜು, ಉಷ್ಣತೆಗಳ ಜೊತೆಗೆ ಮೂರು ಫ್ಯಾನುಗಳ ವೇಗವನ್ನೂ ನೋಡಿಕೊಳ್ಳುತ್ತಿತ್ತು. ಅದು ಪಲ್ಸ್‌ಗಳನ್ನು ಎಣಿಸುತ್ತಿರಲಿಲ್ಲ. ಫ್ಯಾನಿನ ಒಂದು ಪಲ್ಸ್‌ನಿಂದ ಇನ್ನೊಂದು ಪಲ್ಸ್ ಬರುವಷ್ಟರಲ್ಲಿ ತನ್ನ 22.5 ಕಿಲೋಹರ್ಟ್ಸ್ ಗಡಿಯಾರ ಎಷ್ಟು ಬಾರಿ ಮಿಡಿಯಿತು ಎಂದು ಎಣಿಸುತ್ತಿತ್ತು. 13,50,000ವನ್ನು ಆ ಎಣಿಕೆ ಮತ್ತು ಒಂದು ಭಾಜಕದ ಗುಣಲಬ್ಧದಿಂದ ಭಾಗಿಸಿದರೆ ವೇಗ. ಭಾಜಕ 2 ಇದ್ದು ಎಣಿಕೆ 153 ಬಂದರೆ ಸುಮಾರು 4,400 ಸುತ್ತು. ಎಣಿಕೆಗಿದ್ದದ್ದು ಎಂಟೇ ಬಿಟ್, 255ಕ್ಕೆ ಮುಗಿಯಿತು. ಹೀಗಾಗಿ ಅದೇ ಭಾಜಕದಲ್ಲಿ ಸುಮಾರು 2,650ಕ್ಕಿಂತ ನಿಧಾನವಾಗಿ ತಿರುಗುವ ಫ್ಯಾನನ್ನು ಚಿಪ್ ನಿಂತೇ ಹೋಗಿದೆ ಎಂದು ವರದಿ ಮಾಡುತ್ತಿತ್ತು. ಸದ್ದಿಲ್ಲದ ದೊಡ್ಡ ಫ್ಯಾನು ಹಾಕಿಸಿಕೊಂಡವರಿಗೆ ಸುಳ್ಳು ಎಚ್ಚರಿಕೆ ಬರುತ್ತಿದ್ದದ್ದು ಇದರಿಂದಲೇ. ಭಾಜಕವನ್ನು 4ಕ್ಕೋ 8ಕ್ಕೋ ಏರಿಸಿದರೆ ಸರಿಹೋಗುತ್ತಿತ್ತು, ಆದರೆ ಅಳತೆ ಒರಟಾಗುತ್ತಿತ್ತು. ಲಿನಕ್ಸ್‌ನ ಎಲ್‌ಎಂ-ಸೆನ್ಸರ್ಸ್, ವಿಂಡೋಸ್‌ನ ಮದರ್‌ಬೋರ್ಡ್ ಮಾನಿಟರ್, ಸ್ಪೀಡ್‌ಫ್ಯಾನ್ ತಂತ್ರಾಂಶಗಳು ಈ ಅಂಕಿಗಳನ್ನು ಬಳಕೆದಾರರ ಪರದೆಗೆ ತಂದವು.

ವೇಗ ಕಂಡ ಮೇಲೆ ಅದನ್ನು ತಗ್ಗಿಸುವ ಆಸೆ ಸಹಜ. ಲಾಭವೂ ದೊಡ್ಡದು: ವೇಗ ಅರ್ಧವಾದರೆ ಗಾಳಿ ಅರ್ಧವಾಗುತ್ತದೆ, ಬೇಕಾಗುವ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ಸದ್ದು ಸುಮಾರು 15 ಡೆಸಿಬೆಲ್ ಕಡಿಮೆಯಾಗುತ್ತದೆ. 12 ವೋಲ್ಟಿನ ಬದಲು ಕಡಿಮೆ ವೋಲ್ಟೇಜು ಕೊಡುವುದು ಸುಲಭದ ಉಪಾಯ. ಆದರೆ ತೀರಾ ಇಳಿಸಿದರೆ ನಿಂತ ಫ್ಯಾನು ಮತ್ತೆ ಹೊರಡುವುದಿಲ್ಲ. ಇನ್ನೊಂದು ಉಪಾಯ, ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಲ ಕೊಟ್ಟು ಕಡಿಯುವುದು. ಇದರಲ್ಲೇ ತೊಡಕಿತ್ತು. ಕರೆಂಟು ಕಡಿದ ಕ್ಷಣದಲ್ಲಿ ಹಾಲ್ ಸಂವೇದಕಕ್ಕೂ ಕರೆಂಟಿಲ್ಲ, ಮೂರನೆಯ ತಂತಿಯ ಪಲ್ಸ್‌ಗಳು ಹರಿದುಹೋಗುತ್ತವೆ. ಚಿಪ್ ತಯಾರಕರು ಎಣಿಸುವಷ್ಟು ಹೊತ್ತು ಕರೆಂಟನ್ನು ಕಡಿಯದೆ ಹಿಡಿದಿಟ್ಟು ತೇಪೆ ಹಾಕಿದರು. ಅಂದರೆ ಅಳೆಯುವ ಕೆಲಸವೇ ಫ್ಯಾನಿನ ವೇಗವನ್ನು ತುಸು ಏರಿಸುತ್ತಿತ್ತು.

ಈ ಗಂಟನ್ನು ಬಿಡಿಸಿದ್ದು ನಾಲ್ಕನೆಯ ತಂತಿ. 2004ರಲ್ಲಿ ಎಲ್‌ಜಿಎ 775 ಸಾಕೆಟ್‌ನ ಜೊತೆ ಇಂಟೆಲ್ ನಾಲ್ಕು ತಂತಿಯ ಫ್ಯಾನನ್ನು ಬಳಕೆಗೆ ತಂದಿತು. ನೂರು ವ್ಯಾಟ್ ದಾಟಿದ ಪೆಂಟಿಯಂ 4 ಮಾದರಿಗಳ ಕಾಲವದು. ಕಪ್ಪು ತಂತಿ ಗ್ರೌಂಡ್, ಹಳದಿ 12 ವೋಲ್ಟ್, ಹಸಿರು ಎಣಿಕೆಗೆ, ನೀಲಿ ಆದೇಶಕ್ಕೆ. ಕರೆಂಟು ಕಡಿತವಿಲ್ಲದೆ ಹರಿಯುತ್ತದೆ, ವೇಗದ ಆದೇಶ ಮಾತ್ರ ನೀಲಿ ತಂತಿಯಲ್ಲಿ 25 ಕಿಲೋಹರ್ಟ್ಸ್‌ನಲ್ಲಿ ಬರುತ್ತದೆ. ಮನುಷ್ಯನ ಕಿವಿಗೆ ನಿಲುಕದ ಆವರ್ತನ ಅದು. ಕರೆಂಟು ಕಡಿಯುವ ಹಳೆಯ ಪದ್ಧತಿಯ ಟಿಕ್ ಟಿಕ್ ಸದ್ದು ಇಲ್ಲಿಲ್ಲ. ಇದಕ್ಕಿಂತ ನಾನು ಮೆಚ್ಚುವುದು ಇಂಟೆಲ್‌ನ ನಾಲ್ಕು ತಂತಿಯ ನಿರ್ದಿಷ್ಟತೆಯ ಇನ್ನೊಂದು ನಿಯಮವನ್ನು: ನೀಲಿ ತಂತಿ ತುಂಡಾದರೆ ಫ್ಯಾನು ಪೂರ್ಣ ವೇಗದಲ್ಲಿ ತಿರುಗಬೇಕು. ಹಳೆಯ ಮೂರು ತಂತಿಯ ಫ್ಯಾನೂ ಹೊಸ ಸಾಕೆಟ್ಟಿಗೆ ಕೂರುವಂತೆ ಕನೆಕ್ಟರ್ ಇತ್ತು.

ಸರ್ವರ್‌ಗಳಲ್ಲಿ ಈ ಕೆಲಸ ಬಿಎಂಸಿ ಎಂಬ ಪ್ರತ್ಯೇಕ ಚಿಪ್ಪಿನದು. ಒಂದು ಫ್ಯಾನು ಸತ್ತರೆ ಉಳಿದವನ್ನು ಜೋರಾಗಿ ಓಡಿಸಿ ದುರಸ್ತಿ ಮಾಡುವವರು ಬರುವ ತನಕ ಅದು ಯಂತ್ರವನ್ನು ಕಾಯುತ್ತದೆ. 2010ರ ದಶಕದಲ್ಲಿ ಕಡಿಮೆ ಹೊರೆಯಿದ್ದಾಗ ಫ್ಯಾನನ್ನು ಪೂರ್ತಿ ನಿಲ್ಲಿಸುವ ಗ್ರಾಫಿಕ್ಸ್ ಕಾರ್ಡುಗಳು ಜನಪ್ರಿಯವಾದವು. ಆಗ ಸೊನ್ನೆ ಎಂಬ ಎಣಿಕೆ ತನ್ನಷ್ಟಕ್ಕೆ ಕೆಡುಕಿನ ಗುರುತಾಗಿ ಉಳಿಯಲಿಲ್ಲ. ತಿರುಗು ಎಂಬ ಆದೇಶ ಹೋಗಿಯೂ ಪಲ್ಸ್ ಬಾರದಿದ್ದರೆ ಮಾತ್ರ ಇಂಥ ವ್ಯವಸ್ಥೆ ಅದನ್ನು ದೋಷವೆಂದು ಎಣಿಸಬೇಕಾಗುತ್ತದೆ.